ಹರಿಹರ ಮುಟ್ಟಿಸುವ ಜೈನಾಬಿ ಆಪಾ

ಜೈನಾಬಿ ಆಪಾ ಗಾಡಿಯ ನಾಡಿ ಹಿಡಿದು ನೋಡುತ್ತಿದ್ದರು. ಬಳೆಗಳನ್ನು ಮೊಣಕೈವರೆಗೆ ಏರಿಸಿ, ಸೆರಗನ್ನು ಸೊಂಟಕ್ಕೆ ಬಿಗಿದು, ಇಂಜಿನ್ ಗುರುಗುಡುತ್ತಿರುವಾಗಲೇ ರೇಡಿಯೇಟರಿನ ಮೇಲಿನ ಪೈಪಿಗೆ ಬಲಗೈ, ಕೆಳಗಿನ ಪೈಪಿಗೆ ಎಡಗೈ ಹಚ್ಚಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ನಾವು ಮುಟ್ಟಿದರೆ ಚುರ್ ಎಂದು ಕೈ ಹಿಂದಕ್ಕೆಳೆದುಕೊಳ್ಳುವ ಬಿಸಿ ಅವರ ಕೈಗೆ ಲೆಕ್ಕಕ್ಕಿರಲಿಲ್ಲ. ಪಕ್ಕದಲ್ಲಿ ನಿಂತ ಗಾಡಿಯ ಯಜಮಾನ "ಮೊನ್ನೆ ರಾಣೆಬೆನ್ನೂರಿಗೆ ಹೋದಾಗ ಏನಾಯ್ತಂದ್ರೆ..." ಎಂದು ಶುರು ಮಾಡಿದರೆ ಕಣ್ಣು ತೆರೆಯದೆಯೇ ಗದರುತ್ತಿದ್ದರು: "ಶ್! ಪೇಷೆಂಟ್ ಮಾತಾಡ್ತಾ ಐತೆ. ಕಡೆಯೋರು ಸುಮ್ಕೆ ಕೂಡ್ರಿ."

ಸುಮ್ಮನೆ ಕೂರುವುದಕ್ಕೆ ಒಂದು ಬೋರಲು ಹಾಕಿದ ಡ್ರಮ್ಮು ಇತ್ತು. ದಾವಣಗೆರೆಯ ಎಷ್ಟೋ ಲಾರಿ ಮಾಲೀಕರು, ಟೆಂಪೋದವರು, ನಾಲ್ಕಾರು ಮದುವೆ ಛತ್ರಗಳ ಯಜಮಾನರು ಆ ಡ್ರಮ್ಮಿನ ಮೇಲೆ ಕೂತು, ಪೇಪರ್ ಪೊಟ್ಟಣದಲ್ಲಿ ಖಾರ ಮಂಡಕ್ಕಿ ಮೆಲ್ಲುತ್ತ, ಶಾಲೆಯ ಮಕ್ಕಳ ಹಾಗೆ ಬಾಯಿ ಮುಚ್ಚಿಕೊಂಡಿದ್ದನ್ನು ನಾನು ನೋಡಿದ್ದೇನೆ. ನನ್ನದು ಮಂಡಿಪೇಟೆಯಲ್ಲಿ ಗೋಣಿಚೀಲದ ಅಂಗಡಿ. ಹಿತ್ತಲ ಬಾಗಿಲು ತೆರೆದರೆ ಹಿಂದಿನ ಓಣಿಯಲ್ಲಿ ಆಪಾನ ತಗಡಿನ ಚಪ್ಪರ. ಒಂದು ಒಲೆ, ನೀರು ತುಂಬಿದ ಸಿಮೆಂಟ್ ತೊಟ್ಟಿ, ಗೋಡೆಯ ತುಂಬ ನೇತಾಡುವ ತಾಮ್ರದ ರೇಡಿಯೇಟರುಗಳು. ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ ನನಗೆ ಅದಕ್ಕಿಂತ ದೊಡ್ಡ ಮನರಂಜನೆ ಇರಲಿಲ್ಲ.

ಅವರದು ಪಾತ್ರೆಗಳಿಗೆ ಕಲಾಯಿ ಹಾಕುವ ಮನೆತನ. ಊರಿನ ಅಡುಗೆಮನೆಗಳಿಗೆ ಸ್ಟೀಲು ಬಂದು ತಾಮ್ರ ಹಿತ್ತಾಳೆಯ ಹಂಡೆಗಳೆಲ್ಲ ಅಟ್ಟ ಸೇರಿದ ಮೇಲೆ ಅವರ ತಂದೆ ಅದೇ ತವರ, ಅದೇ ಒಲೆ ಇಟ್ಟುಕೊಂಡು ಲಾರಿಗಳ ರೇಡಿಯೇಟರಿಗೆ ಬೆಸುಗೆ ಹಾಕತೊಡಗಿದರು. ಗಂಡುಮಕ್ಕಳಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳಲ್ಲಿ ದೊಡ್ಡವಳು ರಾಬಿಯಾ ಬೆಂಕಿ ಕಂಡರೆ ಹೆದರುತ್ತಿದ್ದಳಂತೆ. ಅವಳನ್ನು ಹರಿಹರಕ್ಕೆ ಮದುವೆ ಮಾಡಿ ಕೊಟ್ಟರು. ಚಿಕ್ಕವಳು ಬೆಂಕಿಗೂ ಹೆದರಲಿಲ್ಲ, ಅಪ್ಪನಿಗೂ ಹೆದರಲಿಲ್ಲ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಒಲೆಯ ಮುಂದೆ ಅಪ್ಪನ ಪಕ್ಕ ಕೂತು, ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲೇ ಕೂತರು. ಹೆಂಗಸು ಗಾಡಿ ರಿಪೇರಿ ಮಾಡುವುದೇ ಎಂದು ಮೂಗು ಮುರಿದವರು ಮೊದಮೊದಲು ಇದ್ದರಂತೆ. ಲಾರಿ ದಾರಿಯಲ್ಲಿ ಕುದಿಯುವಾಗ ಅವರ ಮೂಗು ತಾನೇ ನೆಟ್ಟಗಾಯಿತು ಎಂದು ಆಪಾನೇ ಹೇಳುತ್ತಿದ್ದರು. ವಿನಯ ಎಂಬುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ.

ಅವರ ವೈದ್ಯಶಾಸ್ತ್ರ ಬಹಳ ಸರಳ. "ರೈಲ್ವೆ ಗೇಟ್ನಾಗೆ ನಿಂತಾಗ ಕಾದ್ರೆ ಗಾಳಿ ರೋಗ. ಹೈವೇನಾಗೆ ಓಡುವಾಗ ಕಾದ್ರೆ ನೀರಿನ ರೋಗ. ಎರಡೂ ಕಡೆ ಕಾದ್ರೆ ಓನರ್ ರೋಗ." ಗೇಟಿನಲ್ಲಿ ನಿಂತಾಗ ಫ್ಯಾನು ಬೀಸುವ ಗಾಳಿಯೊಂದೇ ದಿಕ್ಕು, ಓಡುವಾಗ ಗಾಳಿ ಪುಕ್ಕಟೆ ಸಿಗುತ್ತದೆ, ಆಗಲೂ ಕುದಿದರೆ ಒಳಗೆ ನೀರು ಸರಿಯಾಗಿ ಸುತ್ತುತ್ತಿಲ್ಲ. ಇಷ್ಟೇ. ಸಣ್ಣ ಸೋರಿಕೆಗೆ ಒಂದು ಚಮಚ ಅರಿಶಿನ ಹಾಕಿ ಊರು ಮುಟ್ಟಿ ಎಂದು ಫೋನಿನಲ್ಲೇ ಹೇಳುವರು. ಒಮ್ಮೆ ಒಬ್ಬ ಟೆಂಪೋದವನು ಗಾಬರಿಯಲ್ಲಿ ಅರ್ಧ ಡಬ್ಬಿ ಸುರಿದು, ಪೈಪೆಲ್ಲ ಕಟ್ಟಿಸಿಕೊಂಡು ಬಂದ. ಮುಚ್ಚಳ ತೆಗೆದು ನೋಡಿದ ಆಪಾ, "ರೇಡಿಯೇಟರ್‌ಗೆ ಹಾಕು ಅಂದ್ರೆ ಚಿತ್ರಾನ್ನಕ್ಕೆ ಹಾಕ್ದಂಗೆ ಹಾಕೀಯಲ್ಲೋ! ಒಗ್ಗರಣೆ ಯಾಕ ಬಿಟ್ಟೆ?" ಎಂದು ಓಣಿಗೆಲ್ಲ ಕೇಳುವಂತೆ ಬೈದರು. ಬೈಗುಳ ಮುಗಿದ ಮೇಲೆ ಅವನಿಗೆ ಚಹಾ ತರಿಸಿದರು. ಅವರಲ್ಲಿ ಬೈಸಿಕೊಳ್ಳದೆ ಚಹಾ ಸಿಕ್ಕಿದವರು ಯಾರೂ ಇಲ್ಲ.

ಇನ್ನೊಂದು ಪದ್ಧತಿ ಇತ್ತು, ಅದು ಅವರ ಅಪ್ಪನ ಕಾಲದ್ದು. ರಿಪೇರಿಯಾದ ಯಾವ ಗಾಡಿಯನ್ನೂ ಆಪಾ ಹಾಗೇ ಬಿಟ್ಟುಕೊಡುತ್ತಿರಲಿಲ್ಲ. ತಾವೇ ಅದರಲ್ಲಿ ಹತ್ತಿ ಕೂತು ಹರಿಹರದ ಹೊಳೆಯ ಸೇತುವೆ ಮುಟ್ಟಿ ವಾಪಸು ಬರಬೇಕು. ದಾರಿಯಲ್ಲಿ ಗಾಡಿ ಬಿಸಿಯಾಗಬಾರದು. ಲಾರಿಯಿರಲಿ, ಟ್ರ್ಯಾಕ್ಟರಿರಲಿ, ಹೆಣ ಸಾಗಿಸುವ ವ್ಯಾನಿರಲಿ, ಆಪಾ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತು ಹರಿಹರಕ್ಕೆ ಹೋಗುವುದನ್ನು ಪೇಟೆಯವರೆಲ್ಲ ನೋಡಿದ್ದಾರೆ. ಸೇತುವೆಯ ಈ ಕಡೆಗೇ ಅಕ್ಕ ರಾಬಿಯಾಳ ಮನೆ. ಗಾಡಿ ತಣ್ಣಗಾಗುವ ನೆಪದಲ್ಲಿ ಅಲ್ಲೊಂದು ಊಟವೋ ಹರಟೆಯೋ ಆಗಿಯೇ ಆಗುತ್ತಿತ್ತು. ಇದು ಗಾಡಿಯ ಪರೀಕ್ಷೆಯೋ, ಪುಕ್ಕಟೆಯಾಗಿ ಅಕ್ಕನ ಮನೆಗೆ ಹೋಗಿಬರುವ ಉಪಾಯವೋ ಎಂದು ನಾವು ಕೆಣಕಿದರೆ, "ಎರಡೂ ಹೌದ್ರಿ. ಒಂದೇ ಕಲ್ಲಿಗೆ ಎರಡು ಹಣ್ಣು ಬಿದ್ರೆ ನಿಮ್ಗೇನು ಹೊಟ್ಟೆಯುರಿ?" ಎನ್ನುತ್ತಿದ್ದರು.

ಇಂಥ ಅಂಗಡಿಯ ಬೆನ್ನಿಗಿದ್ದುಕೊಂಡು ನಾನೊಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡೆ. ಹರಿಹರದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್ ಆಗಿದ್ದವರೊಬ್ಬರು ಎಂದೋ ತರಿಸಿಕೊಂಡಿದ್ದ ವಿದೇಶದ ಗಾಡಿ. ಕೆಂಪು ಬಣ್ಣ, ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಮಾಡು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂಥ ನಿಲುವು. ಚಿಕ್ಕಂದಿನಲ್ಲಿ ಅದು ಓಡಾಡುವುದನ್ನು ಕಂಡು ಬಾಯಿ ಬಿಟ್ಟಿದ್ದೆ; ನಡುವಯಸ್ಸಿನಲ್ಲಿ ಅದು ಮಾರಾಟಕ್ಕಿದೆ ಎಂದು ಕೇಳಿ ಮತ್ತೆ ಬಾಯಿ ಬಿಟ್ಟೆ. ನನ್ನ ಹೆಂಡತಿ ಶೈಲಾ ಅದನ್ನು ಒಂದು ಸುತ್ತು ಹಾಕಿ ನೋಡಿ, "ಇಬ್ಬರು ಮಕ್ಕಳನ್ನ ಎಲ್ಲಿ ಕೂರಿಸ್ತೀರಿ, ಬಾನೆಟ್ ಮ್ಯಾಲಾ?" ಎಂದಳು. ಪೇಟೆಯ ಹಮಾಲರ ಪ್ರಶ್ನೆ ಇನ್ನೂ ನೇರವಾಗಿತ್ತು: "ಸಾವ್ಕಾರ್ರೆ, ಇದರಾಗೆ ಎಷ್ಟು ಚೀಲ ಹಿಡಿತಾವು?"

ಕೊಂಡಾಗ ಗಾಡಿಗಿದ್ದದ್ದು ಸಣ್ಣದೊಂದು ಸೋರಿಕೆ, ಅಷ್ಟೆ. ಆಪಾನ ಚಪ್ಪರದ ಮುಂದೆ ನಿಲ್ಲಿಸಿದೆ. ಅವರು ಮೊದಲು ನಕ್ಕರು. ಆಮೇಲೆ ಬಾನೆಟ್ ಎತ್ತಿ, ಒಳಗಿನ ಅಚ್ಚುಕಟ್ಟು ನೋಡಿ ನಗು ನಿಲ್ಲಿಸಿದರು. "ಯಾರೋ ಮನಸ್ಸಿಟ್ಟು ಮಾಡ್ಯಾರ್ರಿ ಇದನ್ನ" ಎಂದರು. ರೇಡಿಯೇಟರ್ ಇಳಿಸಿ, ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿ, ಗುಳ್ಳೆ ಬಂದ ಜಾಗ ಗುರುತು ಹಾಕಿ ತವರ ಹಚ್ಚಿದರು. ಅದರ ಜೊತೆಗೆ, ಕೇಳುವ ಪ್ರಶ್ನೆಯೇ ಇಲ್ಲದೆ, ಗಾಡಿಯ 'ಸ್ವೆಟರ್' ಬಿಚ್ಚಿದರು.

ಸ್ವೆಟರ್ ಎಂದರೆ ಥರ್ಮೋಸ್ಟಾಟು. ಇಂಜಿನ್ನಿನ ತಲೆಯ ಹತ್ತಿರ, ನೀರು ಹೊರಬರುವ ದಾರಿಯಲ್ಲಿ ಕೂರುವ ಹಿತ್ತಾಳೆಯ ಪುಟ್ಟ ಕವಾಟ. ಇಂಜಿನ್ ತಣ್ಣಗಿರುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ಹಿಡಿದಿಟ್ಟು, ಬಿಸಿಯಾದ ಮೇಲೆ ಬಾಗಿಲು ತೆಗೆಯುತ್ತದೆ. ಆಪಾನ ಕೈಗೆ ಬಂದ ಯಾವ ಗಾಡಿಯಲ್ಲೂ ಅದು ಉಳಿಯುತ್ತಿರಲಿಲ್ಲ. "ಚಳಿ ದೇಶದೋರು ಇಂಜಿನ್ನಿಗೆ ತೊಡಿಸಿದ ಸ್ವೆಟರ್ ಇದು. ದಾವಣಗೆರೆ ಬಿಸಿಲಾಗೆ ಸ್ವೆಟರ್ ಹಾಕ್ಕೊಂಡು ತಿರುಗಿದ್ರೆ ಮೈ ಕಾಯದೆ ಇನ್ನೇನಾಗ್ತೈತೆ? ಗಾಡಿ ಬಂದ್ರೆ ಮೊದ್ಲು ಅದನ್ನ ಬಿಚ್ಚು ಅಂತ ಅಬ್ಬಾ ಹೇಳಿದ್ರು." ಅಬ್ಬಾ, ಅಂದರೆ ಅವರ ಅಪ್ಪ, ಹೇಳಿದ ಮೇಲೆ ಮುಗಿಯಿತು. ಬಿಚ್ಚಿದ ಥರ್ಮೋಸ್ಟಾಟುಗಳನ್ನೆಲ್ಲ ತಂತಿಗೆ ಪೋಣಿಸಿ ಚಪ್ಪರದ ಮುಂದೆ ತೋರಣ ಕಟ್ಟಿದ್ದರು. ನನ್ನ ಗಾಡಿಯದ್ದೂ ಅಲ್ಲಿಗೇ ಹೋಯಿತು.

ಮೊದಲ ಪರೀಕ್ಷೆಯ ದಿನ ಆ ತಗ್ಗಿನ ಸೀಟಿಗೆ ಇಳಿಯುವುದೇ ಆಪಾಗೆ ಒಂದು ಸಾಹಸವಾಯಿತು. "ಇದೇನ್ರಿ, ಗಾಡಿ ಹತ್ತೋದೋ, ಬಾವಿಗಿಳಿಯೋದೋ?" ರೈಲ್ವೆ ಗೇಟು ಎಂದಿನಂತೆ ಹಾಕಿತ್ತು. ಆಟೋ, ಬಸ್ಸುಗಳ ನಡುವೆ ಬಿಸಿಲಲ್ಲಿ ನಿಂತೆವು. ಬಿಸಿ ತೋರಿಸುವ ಮುಳ್ಳು ಅಲುಗಲಿಲ್ಲ. "ಗಾಳಿ ಆರೋಗ್ಯ" ಎಂದು ಆಪಾ ತೀರ್ಪು ಕೊಟ್ಟರು. ಗೇಟು ದಾಟಿ, ಊರು ದಾಟಿ, ಹರಿಹರದ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದೆವೋ ಇಲ್ಲವೋ, ಮುಳ್ಳು ಕೆಂಪು ಗೆರೆಯ ಕಡೆ ವಾಲಿತು. ಬಾನೆಟ್ಟಿನಿಂದ ಇಡ್ಲಿ ಪಾತ್ರೆಯಂತೆ ಹಬೆ ಎದ್ದಿತು. ಕೊನೆಗೆ ಭತ್ತ ತುಂಬಿದ ಟ್ರ್ಯಾಕ್ಟರೊಂದು ನಮ್ಮನ್ನು ಹಗ್ಗ ಕಟ್ಟಿ ಎಳೆದು ತಂದಿತು. ಅದರಲ್ಲಿದ್ದ ಚೀಲಗಳ ಮೇಲೆ ನನ್ನದೇ ಅಂಗಡಿಯ ಮುದ್ರೆ. ಊರ ಒಳಗೆ ಬರುವಾಗ ಆಪಾ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ನನಗೆ ಮುಚ್ಚಿಕೊಳ್ಳಲು ಸೆರಗೂ ಇರಲಿಲ್ಲ.

ಓಣಿಯ ತುದಿಯಲ್ಲಿ ಪ್ರಕಾಶ ಎಂಬ ಹುಡುಗನ ಹೊಸ ಅಂಗಡಿ. ಅಲ್ಯೂಮಿನಿಯಂ ರೇಡಿಯೇಟರ್ ಮಾರುತ್ತಾನೆ. ಕೆಟ್ಟರೆ ಎಸೆದು ಹೊಸದು ಹಾಕುವುದು ಅವನ ಶಾಸ್ತ್ರ. ಕೆಟ್ಟವನಲ್ಲ, ಬಾಯಿ ಸ್ವಲ್ಪ ಉದ್ದ. ನಮ್ಮ ಮೆರವಣಿಗೆ ನೋಡಿ ಎದ್ದು ಬಂದು, "ಆಪಾ, ತಾಮ್ರದ ಕಾಲ ಮುಗೀತು. ಇನ್ನು ಆರಾಮಾಗಿ ಅಕ್ಕನ ಮನೇಲಿ ಕೂಡ್ರಿ" ಎಂದ. ಚಹಾದಂಗಡಿಯವರು, ಹಮಾಲರು ಎಲ್ಲರೂ ನಿಂತಿದ್ದರು. ಆಪಾನ ಮುಖ ಒಲೆಯಂತಾಯಿತು. "ಕೇಳ್ರಿ ಎಲ್ಲಾರೂ! ಈ ಕೆಂಪು ಗಾಡಿ ಮೂರನೇ ಸಲದೊಳಗೆ ಹರಿಹರ ಮುಟ್ಟಲಿಲ್ಲ ಅಂದ್ರೆ ನಮ್ಮಪ್ಪನ ಒಲೆ ನಾನೇ ಆರಿಸ್ತೀನಿ. ಅಂಗಡಿ ಬಂದ್!"

ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಅವರ ಜಾಯಮಾನವಲ್ಲ ಎಂದು ಓಣಿಗೆಲ್ಲ ಗೊತ್ತಿತ್ತು. ಪ್ರಕಾಶನ ಮುಖವೂ ಸಪ್ಪಗಾಯಿತು. ಶೈಲಾ ಸುದ್ದಿ ಕೇಳಿ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ನಿಮ್ಮ ಶೋಕಿಗೆ ಆ ಹೆಣ್ಣುಮಗಳ ಅನ್ನ ಕಳೀಬೇಡ್ರಿ. ಗಾಡಿ ಮಾರಿ ಬಿಡ್ರಿ, ಪರೀಕ್ಷೆನೇ ಇರಲ್ಲ." ಅದು ನನಗೂ ಸರಿಯೆನ್ನಿಸಿ ಮರುದಿನ ಆಪಾಗೆ ಹೇಳಿದೆ. ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದರು. "ಆಪರೇಷನ್ ಟೇಬಲ್ ಮ್ಯಾಲಿಂದ ಪೇಷೆಂಟ್ ಎತ್ಕೊಂಡು ಹೋಗ್ತೀರೇನು? ನಡೀರಿ, ಚೀಲ ಮಾರ್ಕೋ ಹೋಗ್ರಿ."

ಓಡುವಾಗ ಕುದಿಯುವುದು ನೀರಿನ ರೋಗ. ಆ ರೋಗದ ಕಾರಣಗಳನ್ನು ಆಪಾ ಒಂದೊಂದಾಗಿ ಜಾಲಾಡಿದರು. ರೇಡಿಯೇಟರಿನ ಕೊಳವೆಗಳಿಗೆಲ್ಲ ತಂತಿ ತೂರಿಸಿ ಕೆಸರು ತೆಗೆದರು. ನೀರಿನ ಪಂಪು ಬಿಚ್ಚಿ ಅದರ ರೆಕ್ಕೆ ನೋಡಿದರು. ಮುಚ್ಚಳದ ಸ್ಪ್ರಿಂಗು ಒತ್ತಿ ನೋಡಿದರು. ವೇಗ ಹೆಚ್ಚಿದಾಗ ಕೆಳಗಿನ ಪೈಪು ಹೀರಿಕೊಂಡು ಚಪ್ಪಟೆಯಾಗುತ್ತಿದೆ ಎಂದು ಕಂಡುಹಿಡಿದು, ಗೆದ್ದೆ ಎಂದುಕೊಂಡು ಹೊಸ ಪೈಪು ಹಾಕಿದರು. ಎರಡನೆಯ ಪರೀಕ್ಷೆಗೆ ಹೊರಟಾಗ ಕೊಂಡಜ್ಜಿಯ ರೈತರೊಬ್ಬರ ಟ್ರ್ಯಾಕ್ಟರ್ ರೇಡಿಯೇಟರನ್ನೂ ಡಿಕ್ಕಿಯ ಮೇಲೆ ಕಟ್ಟಿಸಿ, "ಹೆಂಗೂ ಹೊಂಟೀವಿ, ಅಲ್ಲಿ ಕೊಟ್ಟು ಆ ಕಡೆಯಿಂದ ಹರಿಹರಕ್ಕೆ ಹೋಗಾಣ" ಎಂದರು. ಸ್ಪೋರ್ಟ್ಸ್ ಕಾರಿನ ಮೇಲೆ ಟ್ರ್ಯಾಕ್ಟರಿನ ರೇಡಿಯೇಟರು ಹೊತ್ತು ಹೋಗುವ ನನ್ನ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚಿದರು.

ಕೊಂಡಜ್ಜಿಯ ಕೆರೆ ಕಾಣುವಷ್ಟರಲ್ಲಿ ಮತ್ತೆ ಹಬೆ. ಅಲ್ಲಿ ಶಿಬಿರಕ್ಕೆ ಬಂದಿದ್ದ ಸ್ಕೌಟ್ ಮಕ್ಕಳು ದಂಡು ಕಟ್ಟಿಕೊಂಡು ಓಡಿಬಂದರು. ಸತ್ಕಾರ್ಯಕ್ಕೆ ಹಾತೊರೆಯುತ್ತಿದ್ದ ಮಕ್ಕಳಿಗೆ ನಮ್ಮಂಥವರು ಸಿಕ್ಕಿದ್ದೇ ಹಬ್ಬ. ಕೆಲವರು ಕೆರೆಯಿಂದ ನೀರು ತಂದರು, ಕೆಲವರು ತಳ್ಳಿದರು, ಉಳಿದವರು ಸೀಟಿ ಊದಿದರು. ಆಪಾ ಒಳಗೆ ಕೂತೇ, "ಶಾಬಾಸ್ ಬೇಟಾ, ಇನ್ನೊಂಚೂರು ಜೋರಾಗಿ!" ಎಂದು ಹುರಿದುಂಬಿಸುತ್ತಿದ್ದರು. ಇಳಿದರೆ ಮತ್ತೆ ಹತ್ತುವುದು ಕಷ್ಟ ಎಂಬುದು ಅವರ ವಾದ.

ಮಕ್ಕಳು ಹೋದ ಮೇಲೆ, ಗಾಡಿ ಆರುವ ತನಕ ಕೆರೆಯ ಏರಿಯ ಮೇಲೆ ಕೂತೆವು. ನನಗೆ ನಿಜವಾಗಿ ಭಯ ಹತ್ತಿತ್ತು. ಇನ್ನುಳಿದದ್ದು ಒಂದೇ ಅವಕಾಶ. "ಆಪಾ, ಒಂದು ಮಾತು. ಮುಂದಿನ ಸಲ ಗಾಡೀನ ಲಾರಿ ಮೇಲೆ ಹಾಕ್ಕೊಂಡು ಸೇತುವೆ ಹತ್ರ ಇಳಿಸೋಣ. ಫೋಟೋ ತೆಗೆಸೋಣ. ಮುಟ್ಟಿತು ಅಂತ ನಾನೂ ಹೇಳ್ತೀನಿ" ಎಂದೆ. ಅವರು ರೇಗಲಿಲ್ಲ, ಅದೇ ವಿಚಿತ್ರ. ಕೆರೆಯನ್ನು ನೋಡುತ್ತ, "ಸೇತುವೆಗೆ ಸುಳ್ಳು ಹೇಳ್ಬೋದ್ರಿ. ಈ ಕೈಗೆ ಹೆಂಗ್ ಹೇಳೋದು?" ಎಂದು ಎರಡೂ ಅಂಗೈ ಚಾಚಿದರು. ಸುಟ್ಟು ಸುಟ್ಟು ನುಣುಪಾದ ಅಂಗೈಗಳು. ಆ ಮಾತಿನಿಂದ ನನಗೆ ಬೈಗುಳಕ್ಕಿಂತ ಹೆಚ್ಚು ನೋವಾಯಿತು.

ಮೂರನೆಯ ಸಲ ಹೊರಡುವ ದಿನ ಓಣಿಯವರೆಲ್ಲ ಬಂದು ನಿಂತಿದ್ದರು. ಶೈಲಾ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಪ್ರಕಾಶ ತನ್ನ ಅಂಗಡಿಯಿಂದ ಹೊಸ ಮುಚ್ಚಳ ತಂದು, "ಬೇಕಾದ್ರೆ ಇದನ್ನೂ ಹಾಕ್ಕೊಳ್ರಿ ಆಪಾ" ಎಂದ. ಆಪಾ ತೆಗೆದುಕೊಂಡರು, ಹಾಕಲಿಲ್ಲ. ಗೇಟು ದಾಟಿತು. ಊರು ದಾಟಿತು. ಮೊದಲ ಸಲ ಕುದಿದ ಜಾಗವೂ ದಾಟಿತು. ಹರಿಹರ ಇನ್ನೇನು ಬಂತು ಎನ್ನುವಾಗ, ಎರಡೂ ಬದಿ ಗದ್ದೆಗಳಿರುವ ಕಡೆ, ಮುಳ್ಳು ಮೆಲ್ಲಗೆ ಏರತೊಡಗಿತು. ಆಪಾ ಕೈ ಅಡ್ಡ ಹಿಡಿದರು. "ನಿಲ್ಲಿಸ್ರಿ. ಕುದಿಯೋಕೆ ಮೊದ್ಲೇ ನಿಲ್ಲಿಸ್ರಿ. ಇನ್ನೂ ಸೋತಿಲ್ಲ, ದಾರ್ಯಾಗಿದೀವಿ."

ರಸ್ತೆಯ ಪಕ್ಕದಲ್ಲಿ ಒಂದು ಮನೆ. ಅಂಗಳದಲ್ಲಿ ಒಬ್ಬ ಹೆಣ್ಣುಮಗಳು ಮೊಬೈಲು ಕಿವಿಗೊತ್ತಿಕೊಂಡು ಗಂಡನೊಡನೆ ಜಗಳವಾಡುತ್ತಿದ್ದಳು. ನಮಗೆ ನೀರಿನ ಕೊಡ ತೋರಿಸಿ, ಜಗಳ ಮುಂದುವರಿಸಿದಳು. ಕಾಲುವೆ ನೀರಿನ ಜಗಳ. "ಡ್ಯಾಮಿನಾಗೆ ನೀರೈತೆ, ಕಾಲ್ವ್ಯಾಗೂ ನೀರೈತೆ, ನಮ್ಮ ಗದ್ದೆಗೆ ಯಾಕ ಬರ್ತಿಲ್ಲ? ಮ್ಯಾಲಿನೋನು ತೂಬು ಮುಚ್ಚಿಲ್ಲ, ಅದ್ಕೆ! ಅವ್ನ ಗದ್ದ್ಯಾಗೇ ಸುತ್ತಿ ಸುತ್ತಿ ಹೊಂಟೈತೆ. ಹೋಗಿ ಮೊದ್ಲು ಆ ತೂಬು ಮುಚ್ಚಿ ಬಾ!"

ಬಾನೆಟ್ ಎತ್ತಿ ನಾಡಿ ಹಿಡಿದಿದ್ದ ಆಪಾ ಕಣ್ಣು ತೆರೆದರು. ಆ ಹೆಣ್ಣುಮಗಳನ್ನು ನೋಡಿದರು, ಗದ್ದೆಯನ್ನು ನೋಡಿದರು. ಇಂಜಿನ್ ಸುಡುತ್ತಿದೆ, ಆದರೆ ರೇಡಿಯೇಟರಿನ ಕೆಳಭಾಗ ಆರಾಮಾಗಿ ಬೆಚ್ಚಗಿದೆ. ಹಾಗಾದರೆ ಕುದಿಯುವ ನೀರು ರೇಡಿಯೇಟರಿಗೆ ಸರಿಯಾಗಿ ಬರುತ್ತಲೇ ಇಲ್ಲ. ಎಲ್ಲಿಗೆ ಹೋಗುತ್ತಿದೆ? ಇಂಜಿನ್ನಿನ ತಲೆಯಿಂದ ನೇರ ಪಂಪಿಗೆ ಬೆರಳು ಗಾತ್ರದ ಒಂದು ಸಣ್ಣ ಪೈಪಿತ್ತು. ಆಪಾ ಅದನ್ನು ಮುಟ್ಟಿದರು. ಯಾವ ಬಿಸಿಗೂ ಜಗ್ಗದ ಅವರ ಕೈ ಥಟ್ಟನೆ ಹಿಂದಕ್ಕೆ ಬಂತು.

"ಅಡ್ಡದಾರಿ" ಎಂದರು ಮೆಲ್ಲಗೆ. "ನೀರು ಇಲ್ಲೇ ಸುತ್ತಿ ಸುತ್ತಿ ಹೊಂಟೈತ್ರಿ. ರೇಡಿಯೇಟರ್ ತನಕ ಹೋಗೋ ಜರೂರತ್ತೇ ಇಲ್ಲ ಅದಕ್ಕೆ. ಬಿಸಿಯಾದಾಗ ಈ ದಾರಿ ಮುಚ್ಚೋ ತೂಬು ಒಂದು ಇರ್ಬೇಕಲ್ಲ? ಎಲ್ಲಿ ಹೋತು ಅದು?"

ಕೇಳಿದ ಮೇಲೆ ಉತ್ತರ ಅವರಿಗೇ ಹೊಳೆಯಿತು. ಚಪ್ಪರದ ಮುಂದೆ ತೋರಣದಲ್ಲಿ ನೇತಾಡುತ್ತಿತ್ತು. ಆ ಮನೆಯ ಕಟ್ಟೆಯ ಮೇಲೆ ಕೂತು ಆಪಾ ಬಹಳ ಹೊತ್ತು ಏಳಲಿಲ್ಲ. ಒಡೆದ ಪೈಪಿಗೆ, ತೂತಿಗೆ, ಪ್ರಕಾಶನ ಮಾತಿಗೆ ಎಂದೂ ಕುಗ್ಗದ ಮುಖ ಆಗ ಕುಗ್ಗಿತ್ತು. "ಬಂದಾಗ ಬರೀ ಸೋರ್ತಿತ್ತು. ಕುದಿಯೋ ರೋಗ ನಾನೇ ಅಂಟಿಸ್ದೆ. ಅಬ್ಬಾ ಹೇಳಿದ್ರಲ್ರಿ... ಅಬ್ಬಾ ತಪ್ಪು ಹೇಳಿದ್ರಾ?" ಎಂದು ಕೇಳಿದರು. ಫೋನಿನಲ್ಲಿ ಗಂಡನನ್ನು ಸೋಲಿಸಿ ಬಂದ ಮನೆಯ ಹೆಣ್ಣುಮಗಳು ಏನೂ ಅರ್ಥವಾಗದಿದ್ದರೂ ಅವರ ಪಕ್ಕ ಕೂತು, "ಅಳ್ಬೇಡ್ರಿ ಅಕ್ಕಾ, ಎಲ್ಲಾ ಸರಿ ಆಗ್ತೈತೆ" ಎಂದು ಬೆನ್ನು ಸವರಿದಳು.

ಆಮೇಲೆ ನಡೆದದ್ದು ಒಂದು ಸಣ್ಣ ಚರ್ಚೆ. ಗಾಡಿ ಅಲ್ಲೇ ಇರಲಿ, ಇನ್ನೂ ಹಿಂದಿರುಗಿಲ್ಲ, ಆದ್ದರಿಂದ ಮೂರನೆಯ ಸಲ ಇನ್ನೂ ಮುಗಿದಿಲ್ಲ ಎಂದು ನಾನು ವಾದಿಸಿದೆ. ವಕೀಲರಾಗಬೇಕಿತ್ತು ನೀವು ಎಂದು ಆಪಾ ಒಪ್ಪಿದರು. ಪ್ರಕಾಶನಿಗೆ ಫೋನು ಹಚ್ಚಿ ತೋರಣದ ತುದಿಯಲ್ಲಿರುವ ಕೊನೆಯ ಕವಾಟ ತಾ ಎಂದೆವು. ಏನು ಎತ್ತ ಎಂದು ಕೇಳದೆ ಅವನು ಬೈಕಿನಲ್ಲಿ ಹಾರಿಬಂದ.

ಹಾಕುವ ಮೊದಲು ಅದು ಬದುಕಿದೆಯೋ ಇಲ್ಲವೋ ನೋಡಬೇಕೆಂದರು ಆಪಾ. ಆ ಮನೆಯ ಒಲೆಯ ಮೇಲೆ ಚಹಾದ ಪಾತ್ರೆಯಲ್ಲಿ ನೀರಿಟ್ಟು ಕವಾಟವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟೆವು. ನಾಲ್ವರೂ ಪಾತ್ರೆಯ ಮೇಲೆ ಬಗ್ಗಿ ನಿಂತೆವು. ನೀರು ಗುಳ್ಳೆಯೇಳುವ ಹೊತ್ತಿಗೆ ಕವಾಟ ಮೆಲ್ಲಗೆ ಬಾಯಿ ಬಿಟ್ಟಿತು. ಮೇಲಿನ ಬಾಗಿಲು ತೆರೆಯುತ್ತಿದ್ದಂತೆ ಅದರ ಬಾಲದಲ್ಲಿದ್ದ ಚಿಕ್ಕ ಬಿಲ್ಲೆ ಕೆಳಗಿಳಿಯಿತು. "ನೋಡ್ರಿ, ನೋಡ್ರಿ! ಮ್ಯಾಲೆ ಬಾಗ್ಲು ತೆಗಿತೈತೆ, ಕೆಳಗೆ ಅಡ್ಡದಾರಿ ಮುಚ್ತೈತೆ!" ಆಪಾನ ಧ್ವನಿಯಲ್ಲಿ ಮಗುವಿನ ಸಂಭ್ರಮ. ಪಾತ್ರೆ ಇಳಿಸಿ ಆರಿಸಿದಾಗ ಮುಚ್ಚಿಕೊಂಡಿತು. ಮತ್ತೆ ಇಟ್ಟರು, ಮತ್ತೆ ತೆರೆಯಿತು. "ಇಷ್ಟು ವರ್ಷ ಇದನ್ನ ಕಿತ್ತು ಕಿತ್ತು ನೇತು ಹಾಕೀನಿ. ಒಂದಿನಾನೂ ಇದು ಕೆಲಸ ಮಾಡೋದನ್ನ ನೋಡಿರ್ಲಿಲ್ಲ ನಾನು" ಎಂದರು. ಕವಾಟವನ್ನು ದಾರದಿಂದ ಬಿಚ್ಚುತ್ತ, ತಮಗೆ ತಾವೇ ಎಂಬಂತೆ ಇನ್ನೊಂದು ಮಾತು ಸೇರಿಸಿದರು. "ಅಬ್ಬಾ ನೋಡಿದ ಲಾರ್‍ಯಾಗೆ ಈ ಸಣ್ಣ ಪೈಪೇ ಇರ್ಲಿಲ್ಲ. ಅವ್ರ ಗಾಡಿಗೆ ಅವ್ರು ಹೇಳಿದ್ದು ಖರೇನೇ. ನಾನು ಎಲ್ಲಾ ಗಾಡೀನೂ ಅಬ್ಬಾನ ಗಾಡಿ ಅಂದ್ಕೊಂಡೆ."

ಕವಾಟ ಕೂತಿತು. ಗಾಡಿ ಹೊರಟಿತು. ಮುಳ್ಳು ಅರ್ಧಕ್ಕೆ ಬಂದು ಮೊಳೆ ಹೊಡೆದಂತೆ ನಿಂತಿತು. ಸೇತುವೆಯ ಮೇಲೆ ಹೊಳೆಯ ಗಾಳಿ ಬೀಸಿದಾಗ ಆಪಾ ಆ ತಗ್ಗಿನ ಸೀಟಿನಿಂದ ಎರಡೂ ಕೈ ಮೇಲೆತ್ತಿ ಕೂಗಿದರು. ಹಿಂದೆ ಬೈಕಿನಲ್ಲಿದ್ದ ಪ್ರಕಾಶ ಹಾರನ್ ಒತ್ತಿಯೇ ಒತ್ತಿದ. ರಾಬಿಯಾ ಅವರ ಮನೆಯಲ್ಲಿ ಅಂದು ನಾವು ತಿಂದದ್ದಕ್ಕೆ ಮಿತಿಯಿರಲಿಲ್ಲ.

ನಾನು ದಾರಿಯಲ್ಲಿ, "ಏನೋ ಕಸ ಸಿಕ್ಕಿತ್ತು ಅಂತ ಹೇಳೋಣ ಬಿಡಿ" ಎಂದಿದ್ದೆ. ಆಪಾ ಓಣಿಗೆ ಬಂದವರೇ ಡ್ರಮ್ಮಿನ ಮೇಲೆ ಹತ್ತಿ ನಿಂತು ನಡೆದದ್ದನ್ನು ನಡೆದಂತೆ ಹೇಳಿದರು. "ತಪ್ಪು ನಂದೇ, ಗಾಡೀದಲ್ಲ, ತಾಮ್ರದ್ದೂ ಅಲ್ಲ. ಒಲೆ ಆರಿಸೋದಿಲ್ಲ, ಯಾಕಂದ್ರೆ ಈಗ ಕೆಲಸ ಜಾಸ್ತಿ ಐತೆ." ಆ ಕೆಲಸ ಏನೆಂದು ಮರುದಿನ ತಿಳಿಯಿತು. ದೊಡ್ಡ ರೇಡಿಯೇಟರಿನ ದಯೆಯಿಂದ ಇಷ್ಟು ದಿನ ಕುದಿಯದೆ ಪಾರಾಗಿದ್ದ, ಸಣ್ಣ ಪೈಪಿರುವ ಗಾಡಿಗಳ ಯಜಮಾನರಿಗೆಲ್ಲ ಒಬ್ಬೊಬ್ಬರಿಗೇ ಫೋನು. "ಬರ್ರಿ, ನಿಮ್ಮ ಗಾಡೀದು ಒಂದು ಸಾಮಾನು ನನ್ನ ಹತ್ರ ಉಳ್ಕೊಂಡೈತೆ. ಹಾಕಿ ಕೊಡ್ತೀನಿ." ಯಾವ ಕವಾಟ ಯಾರದ್ದೆಂದು ಅವರಿಗೆ ನೆನಪಿತ್ತು, ಸತ್ತ ಕವಾಟಗಳ ಜಾಗಕ್ಕೆ ಪ್ರಕಾಶನಿಂದ ಹೊಸದು ತರಿಸಿದರು. ತೋರಣ ದಿನದಿಂದ ದಿನಕ್ಕೆ ಗಿಡ್ಡವಾಯಿತು. ಆ ಎಲ್ಲ ಗಾಡಿಗಳೂ ಮತ್ತೆ ಹರಿಹರ ಮುಟ್ಟಿ ಬರಬೇಕಾಯಿತು. ರಾಬಿಯಾ ಅವರಿಗೆ ಅಡುಗೆ ಮಾಡಿ ಮಾಡಿ ಸಾಕಾಗಿರಬೇಕು.

ಕೆಲವು ವರ್ಷ ಹೀಗೇ ನಡೆಯಿತು. ನಾನೂ ಆಪಾನೂ ತಿಂಗಳಿಗೊಮ್ಮೆಯಾದರೂ, ಯಾವ ಪರೀಕ್ಷೆಯ ನೆಪವೂ ಇಲ್ಲದೆ, ಕೆಂಪು ಗಾಡಿಯಲ್ಲಿ ಹರಿಹರಕ್ಕೆ ಹೋಗಿಬರುತ್ತಿದ್ದೆವು. ಆ ಗದ್ದೆಯ ಮನೆಯ ಹೆಣ್ಣುಮಗಳು ಚಹಾ ಕುಡಿಸದೆ ಬಿಡುತ್ತಿರಲಿಲ್ಲ. ಆಮೇಲೆ ಆಪಾಗೆ ಉಸಿರಿನ ತೊಂದರೆ ಶುರುವಾಯಿತು. ಅಷ್ಟು ವರ್ಷ ಒಲೆಯ ಹೊಗೆ ಕುಡಿದ ಎದೆ. ಡಾಕ್ಟರು ಒಲೆಯ ಹತ್ತಿರ ಹೋಗಬಾರದೆಂದರು. ಅಕ್ಕ ಕರೆದಳು. ಆಪಾ ತಮ್ಮ ತೊಟ್ಟಿಯನ್ನೂ ಸಲಕರಣೆಗಳನ್ನೂ ಪ್ರಕಾಶನಿಗೆ ಒಪ್ಪಿಸಿ, "ಅಲ್ಯೂಮಿನಿಯಂ ಮಾರು, ಬ್ಯಾಡ ಅನ್ನಲ್ಲ. ತಾಮ್ರ ಬಂದ್ರೆ ಎಸಿಬ್ಯಾಡ" ಎಂದು ಬೈದಂತೆ ಹೇಳಿ ಹೊರಟರು.

ಅವರನ್ನು ಹರಿಹರಕ್ಕೆ ಬಿಟ್ಟುಬಂದದ್ದು ನಾನೇ, ಅದೇ ಗಾಡಿಯಲ್ಲಿ. ಓಣಿಯ ತಿರುವು ದಾಟುವ ತನಕ ಹಿಂದೆ ನೋಡುತ್ತಿದ್ದರು. ಗೇಟು ಅಪರೂಪಕ್ಕೆ ತೆಗೆದಿತ್ತು. ಊರು ದಾಟುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತು. ಗದ್ದೆಯ ಮನೆ ಬಂದಾಗ, ಎಬ್ಬಿಸುವುದು ಬೇಡವೆಂದು ನಾನು ನಿಲ್ಲಿಸದೆ ಮುಂದೆ ಬಂದೆ. ರಾಬಿಯಾ ಅವರ ಬಾಗಿಲಲ್ಲಿ ಗಾಡಿ ನಿಂತಾಗ ಆಪಾ ಬೆಚ್ಚಿ ಕಣ್ಣು ಬಿಟ್ಟು ಅತ್ತಿತ್ತ ನೋಡಿದರು.

"ಬಂದೇ ಬಿಡ್ತಾ? ಎಲ್ಲೂ ನಿಲ್ಲಲಿಲ್ಲೇನ್ರಿ?"

"ಇಲ್ಲ ಆಪಾ. ಮುಳ್ಳು ಅಲ್ಲಾಡಲಿಲ್ಲ."

"ಅಷ್ಟು ಚಲೋ ರಿಪೇರಿ ಮಾಡ್ಬಾರ್ದಿತ್ತು ನಾನು" ಎಂದು ನಕ್ಕರು. ನಗುವಿಗೂ ಉಸಿರು ಸಾಲಲಿಲ್ಲ. ಕೈ ಕೊಟ್ಟು ಆ ತಗ್ಗಿನ ಸೀಟಿನಿಂದ ಎಬ್ಬಿಸಿದೆ. ಅವರು ಬೈಯಲಿಲ್ಲ, ಹಾಗಾಗಿ ನಾನು ಚಹಾಕ್ಕೂ ನಿಲ್ಲಲಿಲ್ಲ. ಮುಂದಿನ ವಾರ ಬರುತ್ತೇನೆ ಎಂದು ಹೊರಟುಬಂದೆ. ಆ ವಾರ ಮುಗಿಯುವ ಮುನ್ನವೇ ರಾಬಿಯಾ ಅವರ ಫೋನು ಬಂತು.

ಆಪಾನ ಮಣ್ಣಿಗೆ ಹೋಗುವಾಗ ಶೈಲಾ ಪಕ್ಕದ ಸೀಟಿನಲ್ಲಿದ್ದಳು. ನಾನು ದಾರಿಯುದ್ದಕ್ಕೂ ಮುಳ್ಳನ್ನೇ ನೋಡುತ್ತಿದ್ದೆ. ಎಲ್ಲಾದರೂ ಒಂದು ಕಡೆ ಕುದಿಯಲಿ, ಒಂದು ಗಳಿಗೆ ತಡವಾಗಲಿ ಎಂದು ಬೇಡಿಕೊಂಡೆ. ಮುಳ್ಳು ಅವರು ನಿಲ್ಲಿಸಿದಲ್ಲೇ ನಿಂತಿತ್ತು. ಹರಿಹರ ಇಷ್ಟು ಹತ್ತಿರವಿದೆಯೆಂದು ನನಗೆ ಗೊತ್ತೇ ಇರಲಿಲ್ಲ.